ತಲೆ ಎಣಿಕೆ

"ಗ್ಯಾಸ್ ಲೀಕ್!" ಎಂದು ಕೂಗಿ, ಸುರಕ್ಷತೆಯ ತಪಾಸಣೆಗೆ ಬಂದಿದ್ದ ಭಾವನಾ ಸ್ಟಾಪ್‌ವಾಚ್ ಒತ್ತಿದಳು. ಚೆನ್ನೈ ನುಂಗಂಬಾಕ್ಕಂನ ಆ ಹೋಟೆಲಿನ ಅಡುಗೆಮನೆಯಲ್ಲಿ ಒಬ್ಬರೂ ಕದಲಲಿಲ್ಲ. ದೋಸೆಯವನು ದೋಸೆ ಮಗುಚಿದ. ವಡೆ ಕರಿಯುತ್ತಿದ್ದ ಬೇಬಿ ಮಾತ್ರ ಮೂಗರಳಿಸಿ ನೋಡಿ, "ಎಲ್ಲಿ? ವಾಸನೆ ಇಲ್ವಲ್ಲ," ಎಂದಳು.

"ಎನ್ನ ಸಾರ್, ಏನಿದು?" ಭಾವನಾ ಮಾಲೀಕ ಸದಾನಂದನ ಕಡೆ ತಿರುಗಿದಳು. "ನಾಲ್ಕು ಸಲ ಸೇಫ್ಟಿ ಡ್ರಿಲ್ ಆಗಿದೆ ಅಂತ ಫೈಲ್‌ನಲ್ಲಿ ಫೋಟೋ ಸಮೇತ ಇದೆ. ಇಲ್ಲಿ ನೋಡಿದ್ರೆ ಒಬ್ಬರಿಗೂ ಏನೂ ಗೊತ್ತಿಲ್ಲ!"

ಸದಾನಂದ ಅವಳ ಕೈಲಿದ್ದ ಫೈಲಿನ ಕಡೆ ನೋಡಿದ. ಫೈಲು ಮಾಡಿಕೊಟ್ಟವನು ಕನ್ಸಲ್ಟೆಂಟು. ಇವರೆಲ್ಲ ಫೋಟೋಕ್ಕೆ ನಿಂತದ್ದಷ್ಟೇ. ತಾನೇ ತೋಡಿದ ಹಳ್ಳ, ಯಾರನ್ನು ದೂರುವುದು? ಸುರಕ್ಷತೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಆಸ್ಪತ್ರೆಯ ಕ್ಯಾಂಟೀನಿನ ಗುತ್ತಿಗೆ ಸಿಗುವುದಿಲ್ಲ. ಅದನ್ನು ನಂಬಿ ಊರಿನಿಂದ ಆರು ಜನರನ್ನು ಆಗಲೇ ಕರೆಸಿಯಾಗಿತ್ತು.

ಸಾರಿನ ಹಂಡೆಯ ಹಿಂದಿನಿಂದ ಹಿರಿಯ ಅಡುಗೆಯವರಾದ ಪದ್ಮನಾಭ ಭಟ್ಟರು ಕೈ ಒರೆಸಿಕೊಳ್ಳುತ್ತ ಬಂದರು. "ಎಂತ ಬೇಕಂತೆ ಇವರಿಗೆ?"

"ಒಲೆ ಎಲ್ಲ ಆರಿಸಿ ಎಲ್ಲರೂ ಹೊರಗೆ ಹೋಗ್ಬೇಕಂತೆ ಭಟ್ರೆ," ಎಂದ ಸದಾನಂದ.

"ಅಷ್ಟೇಯಾ? ಅದು ನಾವು ದಿನಾ ನೈವೇದ್ಯದ ಹೊತ್ತಿಗೆ ಮಾಡುದಲ್ವಾ? ನೈವೇದ್ಯ ಇವತ್ತು ಹತ್ತು ನಿಮಿಷ ಬೇಗ ಆಯ್ತು ಅಂತ ಇಟ್ಕೊಳ್ಳುವ." ಭಟ್ಟರು ದೇವರ ಪಟದ ಮುಂದಿದ್ದ ಗಂಟೆ ತೆಗೆದು ಬಾರಿಸಿದರು.

ಭಾವನಾ ಗಡಬಡಿಸಿ ಮತ್ತೆ ವಾಚ್ ಒತ್ತಿದಳು. ಯಾರೂ ಕೂಗಲಿಲ್ಲ, ಯಾರೂ ಓಡಲಿಲ್ಲ. ಬೇಬಿ ಜಾಲರಿ ಸೌಟನ್ನು ಎಣ್ಣೆಯಿಂದ ಎತ್ತಿಟ್ಟಳು. ಹನ್ನೆರಡು ಒಲೆಗಳು ಒಂದೇ ಉಸಿರಿಗೆ ಆರಿದವು. ಒಬ್ಬ ಸಿಲಿಂಡರುಗಳ ಮೂಲ ವಾಲ್ವನ್ನೇ ತಿರುಗಿಸಿದ. ಕಿಡಿ ಹಾರಬಹುದಾದ ಲೈಟಿನ ಸ್ವಿಚ್ಚನ್ನಾಗಲಿ ಫ್ಯಾನಿನದನ್ನಾಗಲಿ ಒಬ್ಬರೂ ಮುಟ್ಟಲಿಲ್ಲ. ದೇವರು ಉಣ್ಣುವಾಗ ನೋಡಬಾರದೆಂದು ಸದಾನಂದನೂ ಸೇರಿ ಹದಿನೆಂಟು ಜನವೂ ಸಾಲಾಗಿ ಹಿತ್ತಿಲಿಗೆ ಇಳಿದು ಕೈಮುಗಿದು ನಿಂತರು.

ಇಪ್ಪತ್ತೆರಡು ಸೆಕೆಂಡು! ಭಾವನಾ ವಾಚನ್ನು ಎರಡು ಸಲ ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳು ಕಂಡ ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ, ಸೈರನ್ನು, ಹಳದಿ ಜಾಕೀಟು ಎಲ್ಲ ಇದ್ದ ಕಡೆಯಲ್ಲೂ, ಇಂಥದ್ದನ್ನು ನೋಡಿರಲಿಲ್ಲ. ಅಷ್ಟು ದೊಡ್ಡ ಅಡುಗೆಮನೆ ಈಗ ಗರ್ಭಗುಡಿಯ ಹಾಗೆ ಸುಮ್ಮನಿತ್ತು. ಅವಳಿಗೆ ಅರಿವಿಲ್ಲದೆ ಅವಳ ಚಪ್ಪಲಿಗಾಲು ದೇವರ ಪಟದೆದುರಿನಿಂದ ಗೋಡೆಯ ಬದಿಗೆ ಸರಿಯಿತು.

ಬಾಗಿಲೆಳೆಯಲು ಹೊರಟ ಭಟ್ಟರು ಹೊಸ್ತಿಲಾಚೆಯೇ ನಿಂತು, ಪ್ರಸಾದ ಹಂಚುವುದಕ್ಕೆಂದು ದಿನವೂ ಮಾಡುವಂತೆ, ಬೆರಳು ಮಡಿಸುತ್ತ ತಲೆ ಎಣಿಸಿದರು. ಮುಖ ಸಿಂಡರಿಸಿ ಇನ್ನೊಮ್ಮೆ ಎಣಿಸಿದರು.

"ಒಂದು ತಲೆ ಕಮ್ಮಿ ಉಂಟು."

"ಹದಿನೆಂಟು ಜನವೂ ಇದಾರಲ್ಲ ಮಾಮ," ಎಂದಳು ಭಾವನಾ ಒಳಗಿನಿಂದ.

"ಅವರೆಲ್ಲ ಇದ್ದಾರೆ. ನೀವು ಒಳಗೇ ಇದ್ದೀರಲ್ಲ ಮಾರಾಯ್ರೆ!"

"ಅಯ್ಯೋ, ನಾನು ಆಡಿಟರ್. ನಾನು ಲೆಕ್ಕಕ್ಕಿಲ್ಲ."

"ಅದು ಗ್ಯಾಸಿಗೆ ಗೊತ್ತುಂಟಾ?"

ನೂರಾರು ಡ್ರಿಲ್‌ಗಳಲ್ಲಿ ಭಾವನಾ ಎಲ್ಲರನ್ನೂ ಎಣಿಸಿದ್ದಳು. ಅವಳನ್ನು ಯಾರೂ ಎಣಿಸಿರಲಿಲ್ಲ. ಫೈಲು ಎದೆಗವಚಿಕೊಂಡು ಹೊಸ್ತಿಲು ದಾಟಿ, ಸಾಲಿನ ಕೊನೆಯಲ್ಲಿ ಬೇಬಿಯ ಪಕ್ಕ ನಿಂತಳು. ಭಟ್ಟರು ಮತ್ತೆ ಮೊದಲಿನಿಂದ ಬೆರಳು ಮಡಿಸತೊಡಗಿದರು.

"ಮೇಡಂ, ಸರ್ಟಿಫಿಕೇಟು..." ಸದಾನಂದ ಮೆಲ್ಲಗೆ ಕೇಳಿದ.

"ಕೊಡ್ತೀನಿ ಸಾರ್. ಸ್ವಲ್ಪ ಇರಿ, ಅವರು ಎಣಿಸ್ತಿದಾರೆ."