ದಪ್ಪ ಗ್ಲೌಸ್

"ಅಪ್ಪನ ಕೈನಡುಕ ನನಗೂ ಬಂದರೆ ಮುಚ್ಚಿಡದೆ ಹೇಳಿಬಿಡು, ಅವತ್ತೇ ಬೈಕ್ ಓಡಿಸೋದು ನಿಲ್ಲಿಸ್ತೀನಿ," ಎಂದು ಮದುವೆಯ ಹೊಸತರಲ್ಲಿ ಅವನು ಕೇಳಿದ್ದ. ಅವಳು ಮಾತು ಕೊಟ್ಟಿದ್ದಳು.

ಈಗ ಮನೆ ನಡೆಯುವುದೇ ಅವನ ಬೈಕ್ ಟ್ಯಾಕ್ಸಿಯಿಂದ. ಅಂಗಡಿಯಲ್ಲಿ ಅವನು ತೆಳುವಾದ ಗ್ಲೌಸ್ ಹಾಕಿ ನೋಡಿದ.

"ಇದೇ ತಗೊಳ್ಳಿ ಸಾರ್, ಬ್ರೇಕ್ ಹಿಡಿದದ್ದು ಬೆರಳಿಗೆ ಗೊತ್ತಾಗುತ್ತೆ," ಎಂದ ಅಂಗಡಿಯವನು.

"ದಪ್ಪದ್ದು ಇರಲಿ ರೀ," ಎಂದಳು ಅವಳು.

"ಈ ಬಿಸಿಲಲ್ಲಿ ನನ್ನ ಕೈ ಬೇಯಿಸ್ತೀಯೇನೇ?"

ನಗುತ್ತ ಕೈ ಚಾಚಿದವನ ನಗು ಅಲ್ಲೇ ನಿಂತಿತು. "ಬೆರಳು ನಡುಗ್ತಿದೆಯಾ? ಸರಿಯಾಗಿ ನೋಡಿ ಹೇಳು."

"ಗ್ಲೌಸ್ ಸಡಿಲ ಆಗಿದೆ, ಅಷ್ಟೇ," ಎಂದು ಅವಳು ಅಂಗಡಿಯವನತ್ತ ತಿರುಗಿದಳು. "ದಪ್ಪದ್ದರಲ್ಲಿ ಒಂದು ಸೈಜ್ ಚಿಕ್ಕದು ಕೊಡಿ."

ದಿನವೂ ಬೆಳಿಗ್ಗೆ ಅವನ ಟೀ ಲೋಟದಲ್ಲಿ ಕಾಣುತ್ತಿದ್ದ ನಡುಕವನ್ನು ಅವಳು ಅಂದೂ ಹೇಳಲಿಲ್ಲ.