ದೊಡ್ಡಪ್ಪನ ಕುರ್ಚಿ

"ಸತ್ತೋರ ಫೋಟೋ ಇಡಾಕೆ ಚೆನ್ನಾಗಿರ್ತದೆ ಬುಡು," ಎಂದು ಚೆಲುವಯ್ಯ ಆ ಬೆತ್ತದ ಆರಾಮ ಕುರ್ಚಿಗೆ ಒಂದು ಸುತ್ತು ಹಾಕಿ, ಮುಟ್ಟಿಯೂ ನೋಡದೆ ಬೆನ್ನು ತಿರುಗಿಸಿ ನಿಂತ.

ಪ್ರತಿಮಾ ಹಲ್ಲು ಕಚ್ಚಿಕೊಂಡಳು. ಬರುವ ಭಾನುವಾರ ಅಪ್ಪನಿಗೆ ಅರವತ್ತು ತುಂಬುತ್ತಿತ್ತು. ತಾನು ಪಾಠ ಹೇಳುವ ರಾಮನಗರದ ಶಾಲೆಗೆ ರಜೆ ಹಾಕಿ, ಬೈರಾಪಟ್ಟಣದಿಂದ ಅವನನ್ನು ಹೊರಡಿಸಿಕೊಂಡು ಚನ್ನಪಟ್ಟಣಕ್ಕೆ ಬಂದದ್ದೇ ಈ ಸಲವಾದರೂ ಅವನೇ ನೋಡಿ ಒಪ್ಪಿಕೊಳ್ಳಲಿ ಎಂದು. ಹಿಂದೆ ಕೊಡಿಸಿದ ಕೈಗಡಿಯಾರ ಬೀರುವಿನೊಳಗೇ ನಿಂತುಹೋಗಿತ್ತು. ಹೋದ ವರ್ಷದ ಸ್ವೆಟರನ್ನು, ಪಾಪ ಚಳಿ ಎಂದು ಕರುವಿಗೆ ತೊಡಿಸಿದ್ದ. ಇವತ್ತು ಬೆಳಗಿನಿಂದ ಜರಿ ಶಾಲು ನೋಡಿ 'ಪಂಚಾಯ್ತಿ ಮೆಂಬರಿಗೆ ಹೊದಿಸೋದು' ಎಂದಿದ್ದ, ಹೊಸ ಚಪ್ಪಲಿ ಮೆಟ್ಟಿ 'ಕಚ್ತದೆ' ಎಂದಿದ್ದ. ಮೊಬೈಲು ಕೊಡಿಸುತ್ತೇನೆಂದರೆ, 'ನಿಮ್ಮವ್ವ ಕೂಗೋದು ಹೊಲದಗಂಟ ಕೇಳ್ತದೆ, ಅದ್ಯಾಕೆ' ಎಂದಿದ್ದ.

"ಹಂಗಾದ್ರೆ ಏನು ಬೇಕು ಅಂತ ನೀನೇ ಬಾಯಿಬಿಟ್ಟು ಹೇಳಪ್ಪ."

"ಏನೂ ಬ್ಯಾಡ ಅಂತ ಮನೇಲೇ ಹೇಳಿದ್ನಲ್ಲವ್ವ. ಅರವತ್ತು ಅರವತ್ತು ಅಂತ ಯಾಕೆ ತಮಟೆ ಹೊಡೀತೀಯ?"

"ಅರವತ್ತಾಗೋದು ಏನು ಕದ್ದ ಮಾಲಾ ಮುಚ್ಚಿಡೋದಿಕ್ಕೆ?"

ಫರ್ನಿಚರ್ ಅಂಗಡಿಯ ನಿಯಾಜ್ ನಡುವೆ ಬಾಯಿ ಹಾಕಿದ. "ಒಂದ್ಸಲ ಕೂತು ನೋಡಿ ಯಜಮಾನ್ರೇ. ಕೂತಿದ್ದಕ್ಕೆ ಕಾಸು ಕೇಳಲ್ಲ."

"ಕೂರಾಕೆ ನಂಗೇನು ಕಾಲು ಬಿದ್ದೋಗವ?"

ಇನ್ನು ಇವನ ಸಹವಾಸವೇ ಬೇಡ, ಬಸ್ಸು ಹತ್ತಿಸಿ ಕಳಿಸಿಬಿಡುತ್ತೇನೆ ಎಂದುಕೊಂಡು ಪ್ರತಿಮಾ ಬ್ಯಾಗು ಹೆಗಲಿಗೇರಿಸಿದಳು. ಅಷ್ಟರಲ್ಲಿ ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಒಬ್ಬ ಅಂಗಡಿಯೊಳಕ್ಕೆ ಬಂದ. ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ ಚೆಲುವಯ್ಯ ತಟ್ಟನೆ ನೆಟ್ಟಗಾದ. "ನಮಸ್ಕಾರ ಸಾ."

ಅವನು ಬಾಲರಾಜು. ಬಿಡದಿ ಕಡೆಯ ಕಾರು ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಸೆಕ್ಯೂರಿಟಿಯವರಿಗೆಲ್ಲ ಡ್ಯೂಟಿ ಹಾಕುವವನು. ಫ್ಯಾಕ್ಟರಿ ಶುರುವಾದಾಗಿನಿಂದ ಚೆಲುವಯ್ಯ ಅಲ್ಲಿಯ ಗೇಟು ಕಾಯುತ್ತಿದ್ದ.

"ಏನ್ ಚೆಲುವಯ್ಯ, ರಜ ತಗೊಂಡು ಕುರ್ಚಿ ವ್ಯಾಪಾರನಾ?"

ಚೆಲುವಯ್ಯ ಉತ್ತರ ಹುಡುಕುವ ಮೊದಲೇ ನಿಯಾಜ್ ಹೇಳಿಬಿಟ್ಟ. "ಅರವತ್ತು ತುಂಬ್ತದಂತೆ ಸಾರ್. ಮಗಳು ಗಿಫ್ಟ್ ಕೊಡಿಸ್ತಾ ಇದಾರೆ."

ಬಾಲರಾಜುವಿನ ನಗು ಅರ್ಧಕ್ಕೇ ನಿಂತಿತು. "ಯಾರಿಗೆ ಅರವತ್ತು?"

"ನಮ್ಮಣ್ಣಂಗೆ ಸಾ," ಎಂದ ಚೆಲುವಯ್ಯ.

ಚೆಲುವಯ್ಯನಿಗೆ ಅಣ್ಣನೇ ಇರಲಿಲ್ಲ. ಅಕ್ಕತಂಗಿಯರ ನಡುವೆ ಅವನೊಬ್ಬನೇ ಗಂಡು. ಪ್ರತಿಮಾ ಏನೋ ಹೇಳಲು ಬಾಯಿ ತೆರೆದವಳು ಅಪ್ಪನ ಮುಖ ನೋಡಿ ಸುಮ್ಮನಾದಳು. ಯಾರ ಹತ್ತಿರವೂ ಯಾವತ್ತೂ ಏನನ್ನೂ ಕೇಳದ ಮನುಷ್ಯ, ಈಗ ಕಣ್ಣಿನಲ್ಲೇ ಅವಳನ್ನು ಬೇಡಿಕೊಳ್ಳುತ್ತಿದ್ದ.

"ಹೌದು ಸಾರ್. ನಮ್ಮ ದೊಡ್ಡಪ್ಪಂಗೆ," ಎಂದಳು. ಹಾಗೆನ್ನುವಾಗಲೂ ಅವಳ ಸಿಟ್ಟು ಇಳಿದಿರಲಿಲ್ಲ.

"ಅಣ್ಣ ಚೆನ್ನಾಗವ್ರಾ?"

"ಅವ್ನಿಗೇನ್ ಸಾ, ಗುಂಡ್‌ಕಲ್ಲಂಗವ್ನೆ. ಒಸಿ ಕಿರಿಕ್ಕು, ಅಷ್ಟೇಯ. ಏನ್ ತಂದ್ಕೊಟ್ರೂ ಒಂದು ಕೊಂಕು ತೆಗೀತಾನೆ. ಪಾಪ, ಮಕ್ಳಿಗೆ ಸಾಕ್‌ಸಾಕಾಗೋಗೈತೆ."

ಪ್ರತಿಮಾಗೆ ಕೆಮ್ಮು ಬಂತು.

"ಹಂಗಾದ್ರೆ ಇದನ್ನೂ ಒಪ್ಪೋದು ಕಷ್ಟ ಬಿಡಿ," ಎಂದ ಬಾಲರಾಜು.

"ಇರಿ ಸಾ, ನಾ ನೋಡ್ತೀನಿ." ಚೆಲುವಯ್ಯ ಹೋಗಿ ಆ ಬೆತ್ತದ ಕುರ್ಚಿಯ ಮೇಲೆ ಕುಳಿತ. ಮೊದಲು ಅಂಚಿಗೆ, ಆಮೇಲೆ ಪೂರ್ತಿ. ಹಿಂದಕ್ಕೊರಗಿ ಕಾಲು ಚಾಚಿದ. ಕೈಗಳನ್ನು ಎರಡೂ ಬದಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದ. ನಿದ್ದೆಯೇ ಹೋದನೇನೋ ಎಂದು ನಿಯಾಜ್ ಬಗ್ಗಿ ನೋಡಿದ.

"ಬೆನ್ನಿಗೆ ಹಿತವಾಗೈತೆ. ಇದು ಆಯ್ತದೆ ಅವ್ನಿಗೆ," ಎಂದು ಚೆಲುವಯ್ಯ ಮನಸ್ಸಿಲ್ಲದ ಮನಸ್ಸಿನಿಂದ ಎದ್ದ.

ಬಾಲರಾಜು ಆಫೀಸಿಗೆ ಬೇಕಾದ ಮೇಜು ನೋಡಲು ಒಳಗೆ ಹೋದ. ಹೊರಗೆ ಲಗೇಜ್ ಆಟೋಗೆ ಕುರ್ಚಿ ಏರಿಸಿ ಹಗ್ಗ ಬಿಗಿಯುತ್ತಿದ್ದ ಅಪ್ಪನ ಎದುರು ಪ್ರತಿಮಾ ಬಂದು ನಿಂತಳು.

"ಏನಪ್ಪ ಇದೆಲ್ಲ?"

"ಅರವತ್ತು ತುಂಬಿದೋರ್‌ನ ಗೇಟಿಗೆ ಹಾಕಕ್ಕಿಲ್ಲ ಕಣವ್ವ. ನಾನು ಐವತ್ತೈದು ಅಂತ ಹೇಳಿವ್ನಿ."

"ಮನೇಲಿ ನಿನಗೆ ಏನು ಕಮ್ಮಿ ಆಗಿದೆ ಅಂತ? ಹಿಪ್ಪುನೇರಳೆ, ರೇಷ್ಮೆ ಎಲ್ಲ ನಿನ್ನ ಮಗನೇ ನೋಡ್ಕೋತಾನೆ. ಆರಾಮಾಗಿ ಕೂತ್ಕೋಬಾರ್ದಾ?"

"ಕೂತ್ಕೊಂಡು?"

ಪ್ರತಿಮಾ ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. "ಹಂಗಾದ್ರೆ ಭಾನುವಾರ?" ಎಂದಳು.

"ಮುಂದ್ಕಾಕು. ಇನ್ನೊಂದೈದು ವರ್ಷ ಹೋಗ್ಲಿ."

ಇಬ್ಬರೂ ಡ್ರೈವರ್ ಪಕ್ಕದಲ್ಲಿ ಇಕ್ಕಟ್ಟಾಗಿ ಕೂತರು. ಊರಿನ ಕಡೆ ಹೋಗಲು ಹೆದ್ದಾರಿಯ ಆಚೆ ಬದಿಗೆ ದಾಟಬೇಕಿತ್ತು. ರಸ್ತೆ ಅಗಲವಾದ ಮೇಲೆ ಯಾವ ವಾಹನವೂ ನಿಧಾನಿಸುತ್ತಿರಲಿಲ್ಲ. ಡ್ರೈವರ್ ಒಂದಿಷ್ಟು ಮುಂದೆ ಹೋಗುವುದು, ಹಾರ್ನಿಗೆ ಹೆದರಿ ಮತ್ತೆ ಹಿಂದೆ ಬರುವುದು ಮಾಡುತ್ತಲೇ ಇದ್ದ. ನೋಡುವಷ್ಟು ನೋಡಿ ಚೆಲುವಯ್ಯ, "ತಾಳ್ಲಾ ಒಸಿ," ಎಂದು ಇಳಿದ.

ಮೈಮೇಲೆ ಯೂನಿಫಾರ್ಮ್ ಇರಲಿಲ್ಲ. ಪಂಚೆಯುಟ್ಟವನು ಹಾಗೆಯೇ ನಡೆದುಹೋಗಿ ರಸ್ತೆಯ ಮೇಲೆ ನಿಂತು ಬಲಗೈಯನ್ನು ಎತ್ತಿದ. ಅವನ ಮೇಲೇ ಬರುತ್ತಿದ್ದುದು ಫ್ಯಾಕ್ಟರಿ ಮಾಲು ಹೊತ್ತ ದೊಡ್ಡ ಕಂಟೇನರ್ ಲಾರಿ.

ಲಾರಿ ಬ್ರೇಕು ಕಿರುಚಿಸಿಕೊಂಡು ನಿಂತಿತು. ಅದರ ಹಿಂದೆ ಮೈಸೂರು ಬಸ್ಸು ನಿಂತಿತು, ಅದರ ಹಿಂದೆ ಕಾರುಗಳು ನಿಂತವು. ಚೆಲುವಯ್ಯ ಅವುಗಳಿಂದ ಕಣ್ಣು ಕೀಳದೆ, ಎಡಗೈಯಿಂದ ಆಟೋಗೆ ಹೋಗು ಎಂದು ಸನ್ನೆ ಮಾಡಿದ. ಆಟೋ ಅವನ ಪಕ್ಕದಲ್ಲೇ ಹಾದುಹೋಯಿತು. ಅವನು ಮಗಳ ಕಡೆ ನೋಡಲಿಲ್ಲ. ಅವಳು ತಿರುಗಿ ನೋಡುತ್ತಲೇ ಇದ್ದಳು. ಆಟೋ ಆಚೆ ಬದಿ ಸೇರಿದ ಮೇಲೂ ಅವನು ಒಂದು ಗಳಿಗೆ ಆ ಕೈಯನ್ನು ಇಳಿಸಲಿಲ್ಲ.