ಒಂದು ಚಮಚ ಬಾದಾಮಿ ಹಾಲು

ವಾರಿಜಾಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಈಗ ಜಾತಕ ಯಾರಿಗೆ ಬೇಕು? ಹುಡುಗಿ ವಿಕಿರಣದ ಮದ್ದು ಕುಡಿಯಬೇಕು, ದೀಪ ಆರಿಸಬೇಕು. ಮೈಯೊಳಗೆ ಕ್ಯಾನ್ಸರ್ ಇದ್ದಲ್ಲಿ ನೀಲಿಯಾಗಿ ಹೊಳೆಯುತ್ತದೆ.

ಸೀಸದ ಡಬ್ಬಿಯಲ್ಲಿ ತಂದ ಮದ್ದನ್ನು ಅಮ್ಮ ಬಾದಾಮಿ ಹಾಲಿಗೆ ಬೆರೆಸಿದಳು. ಸಕ್ಕರೆ ಸಾಕೋ ಇಲ್ಲವೋ ಎಂದು ಅಭ್ಯಾಸಬಲದಿಂದ ಒಂದು ಚಮಚ ಬಾಯಿಗೆ ಹಾಕಿಕೊಂಡಳು. ಉಳಿದದ್ದನ್ನು ವಾರಿಜಾ ಗಟಗಟ ಕುಡಿದಳು.

ತುಸು ಹೊತ್ತಿನ ಮೇಲೆ ದೀಪ ಆರಿಸಿದರು. ವಾರಿಜಾಳ ಮೈಯಲ್ಲಿ ಒಂದು ಚುಕ್ಕೆಯೂ ಹೊಳೆಯಲಿಲ್ಲ.

"ನೋಡಿದಿರಾ? ನನ್ನ ಮಗಳು ಅಪ್ಪಟ ಚಿನ್ನ!" ಅಮ್ಮ ಹಿಗ್ಗಿದಳು.

ಎಲ್ಲರ ಕಣ್ಣೂ ಅಮ್ಮನತ್ತ ತಿರುಗಿದವು. ಅಮ್ಮನ ಸೀರೆಯೊಳಗೆ, ಎದೆಯಿಂದ ಹೊಟ್ಟೆಯವರೆಗೂ, ನೀಲಿ ಬೆಳಕು ಹರಡಿತ್ತು.

"ಊರಿಗೆ ಹೋಗಿ ತಿಳಿಸ್ತೀವಿ," ಎಂದರು ಹುಡುಗನ ತಾಯಿ.

"ಯಾಕೆ? ಏನು ಕಮ್ಮಿಯಾಗಿದೆ ಇವಳಿಗೆ?"

ಅಮ್ಮ ತಲೆ ಬಗ್ಗಿಸಿ ತನ್ನ ಮೈ ನೋಡಿಕೊಳ್ಳುವ ಮೊದಲೇ ವಾರಿಜಾ ಓಡಿಹೋಗಿ ದೀಪ ಹಾಕಿದಳು.